ಊರಿದ ಕಾಲು

ಮೋಟಾರ್‌ಸೈಕಲ್ ಸ್ಪರ್ಧೆ ಎಂದೊಡನೆ ನಿಮ್ಮ ಕಣ್ಮುಂದೆ ಬರುವ ಚಿತ್ರವನ್ನು ನಾನು ಊಹಿಸಬಲ್ಲೆ. ಕಿವಿಗಡಚಿಕ್ಕುವ ಸದ್ದು, ಎದ್ದ ಧೂಳು, ಒಬ್ಬರನ್ನೊಬ್ಬರು ಹಿಂದಿಕ್ಕಲು ಪ್ರಾಣವನ್ನೇ ಪಣವಾಗಿಟ್ಟ ಸವಾರರು. ನಾನು ಇಂದು ನಿಮ್ಮ ಮುಂದೆ ಇಡಬಯಸುವ ಸ್ಪರ್ಧೆಯಲ್ಲಿ ಇವಾವುವೂ ಇಲ್ಲ. ಅಲ್ಲಿ ಸವಾರನು ನಡೆಯುವವನಿಗಿಂತ ಹೆಚ್ಚು ವೇಗವಾಗಿ ಹೋಗುವುದು ಅಪರೂಪ. ಅಲ್ಲಿ ಯಾರೂ ಯಾರನ್ನೂ ಹಿಂದಿಕ್ಕುವುದಿಲ್ಲ. ಅಂಕ ಗಳಿಸಿದವನು ಸೋಲುತ್ತಾನೆ. ಸೊನ್ನೆ ಪಡೆದವನು ಗೆಲ್ಲುತ್ತಾನೆ. ಅದರ ಹೆಸರು ಟ್ರಯಲ್ಸ್. ಪರೀಕ್ಷೆ ಎಂದು ಅದರ ಅರ್ಥ. ಆ ಪರೀಕ್ಷೆಯಲ್ಲಿ ನಾನು ಒಮ್ಮೆ ತೇರ್ಗಡೆಯಾದಂತೆ ತೋರಿಸಿಕೊಂಡು ಅನುತ್ತೀರ್ಣನಾದೆ. ಆ ಕಥೆಯನ್ನು ಹೇಳಲು ನನಗೆ ಇಪ್ಪತ್ತಮೂರು ವರ್ಷಗಳು ಬೇಕಾದವು.

ಮೊದಲು ಆ ಆಟದ ರೀತಿಯನ್ನು ವಿವರಿಸುತ್ತೇನೆ, ತಾಳ್ಮೆಯಿರಲಿ. ಬೆಟ್ಟದ ಬದಿಯಲ್ಲಿ, ತೊರೆಯ ಪಾತ್ರದಲ್ಲಿ, ಮರಗಳ ಬೇರುಗಳ ನಡುವೆ ಹತ್ತಿಪ್ಪತ್ತು ಮಾರು ಉದ್ದದ ಒಂದು ದಾರಿಯನ್ನು ಗುರುತಿಸುತ್ತಾರೆ. ಬಲಕ್ಕೆ ಕೆಂಪು ಗುರುತು, ಎಡಕ್ಕೆ ನೀಲಿ. ಇದಕ್ಕೆ ವಿಭಾಗ ಎನ್ನುತ್ತಾರೆ. ಸವಾರನು ಸೀಟಿನ ಮೇಲೆ ಕುಳಿತುಕೊಳ್ಳದೆ, ಕಾಲಿಡುವ ಕಬ್ಬಿಣದ ಮೇಲೆ ನಿಂತು, ದೇಹದ ತೂಕವನ್ನು ಅತ್ತಿತ್ತ ಸರಿಸುತ್ತಾ, ಕಲ್ಲುಬಂಡೆಗಳ ಮೇಲೆ ಗಾಡಿಯನ್ನು ನಡೆಸಬೇಕು. ಕಾಲು ನೆಲಕ್ಕೆ ತಾಗದೆ ದಾಟಿದರೆ ಸೊನ್ನೆ. ಒಮ್ಮೆ ಕಾಲೂರಿದರೆ ಒಂದು ಅಂಕ, ಎರಡು ಬಾರಿ ಊರಿದರೆ ಎರಡು, ಮೂರು ಅಥವಾ ಅದಕ್ಕಿಂತ ಹೆಚ್ಚು ಬಾರಿ ಊರಿದರೆ ಮೂರು. ಬಿದ್ದರೆ, ನಿಂತುಬಿಟ್ಟರೆ, ಗುರುತಿನಾಚೆ ಹೋದರೆ ಐದು. ಹತ್ತು ವಿಭಾಗಗಳನ್ನು ನಾಲ್ಕು ಸುತ್ತು ಹಾಯ್ದರೆ ಒಂದು ಭಾನುವಾರ ಮುಗಿಯುತ್ತದೆ. ಪ್ರತಿಯೊಂದು ವಿಭಾಗದ ಬಳಿಯೂ ಒಬ್ಬ ವೀಕ್ಷಕ ಮಳೆಯಲ್ಲಿ, ಚಳಿಯಲ್ಲಿ, ಯಾವ ಸಂಬಳವೂ ಇಲ್ಲದೆ ನಿಂತು, ಊರಿದ ಕಾಲುಗಳನ್ನು ಎಣಿಸಿ ಬರೆದುಕೊಳ್ಳುತ್ತಾನೆ. ಅವನ ಕಣ್ಣೇ ಪ್ರಮಾಣ. ಅವನ ಕಣ್ಣಿಗೆ ಬೀಳದ್ದು ಸವಾರನೊಬ್ಬನಿಗೆ ಮಾತ್ರ ಗೊತ್ತು.

ನಾನು ಮೈಸೂರಿನವನು. ನನ್ನ ತಂದೆಯವರು ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದರು. 1961ರಲ್ಲಿ ಅಲ್ಲಿ ಜಾವಾ ಗಾಡಿಗಳ ತಯಾರಿಕೆ ಆರಂಭವಾದ ವರ್ಷವೇ ನಾನು ಹುಟ್ಟಿದೆ. ಆದ್ದರಿಂದ ನಮ್ಮ ಮನೆಯಲ್ಲಿ ನನ್ನ ವಯಸ್ಸನ್ನೂ ಕಾರ್ಖಾನೆಯ ವಯಸ್ಸನ್ನೂ ಒಂದೇ ಉಸಿರಿನಲ್ಲಿ ಹೇಳುವ ರೂಢಿಯಿತ್ತು. ಟು ಸ್ಟ್ರೋಕ್ ಎಂಜಿನ್ನಿನ ಹೊಗೆಯ ವಾಸನೆ ನನಗೆ ತಂದೆಯವರ ಅಂಗಿಯ ವಾಸನೆ. ಭಾನುವಾರಗಳಂದು ನೆರೆಯವರ ಗಾಡಿಗಳನ್ನು ಅವರು ನಮ್ಮ ಹಿತ್ತಲಿನಲ್ಲಿ ಬಿಚ್ಚುತ್ತಿದ್ದರು. ಹಳೆಯ ಪತ್ರಿಕೆಯೊಂದನ್ನು ಹಾಸಿ, ಬಿಚ್ಚಿದ ಪ್ರತಿಯೊಂದು ಸ್ಕ್ರೂವನ್ನೂ ಬಿಚ್ಚಿದ ಅನುಕ್ರಮದಲ್ಲೇ ಸಾಲಾಗಿ ಇಡುವುದು ನನ್ನ ಕೆಲಸವಾಗಿತ್ತು. ಸಾಲು ತಪ್ಪಿದರೆ ಬಯ್ಯುತ್ತಿರಲಿಲ್ಲ. ಕೆಲಸ ನಿಲ್ಲಿಸಿ, ನಾನೇ ತಪ್ಪನ್ನು ಕಂಡುಕೊಳ್ಳುವವರೆಗೆ ಸುಮ್ಮನೆ ಕುಳಿತಿರುತ್ತಿದ್ದರು. ಬೈಗುಳಕ್ಕಿಂತ ಆ ಮೌನ ಕಠಿಣವಾಗಿತ್ತು.

1990ರಲ್ಲಿ ಉದ್ಯೋಗದ ನಿಮಿತ್ತ ನಾನು ಇಂಗ್ಲೆಂಡಿನ ಯಾರ್ಕ್‌ಷೈರಿಗೆ ಬಂದು, ಬ್ರಾಡ್‌ಫರ್ಡ್ ನಗರಕ್ಕೆ ಹೊಂದಿಕೊಂಡಿರುವ ಶಿಪ್ಲಿ ಎಂಬ ಊರಿನಲ್ಲಿ ನೆಲೆಸಿದೆ. ವರ್ಷ ಕಳೆದ ಮೇಲೆ ನನ್ನ ಪತ್ನಿಯೂ ಬಂದಳು. ಆಕೆ ದಾದಿ. ಆ ಊರಿಗೆ ಬಂದಮೇಲೆ ನನಗೆ ತಿಳಿದ ಒಂದು ಸಂಗತಿಯನ್ನು ತಂದೆಯವರಿಗೆ ಪತ್ರದಲ್ಲಿ ಬರೆದಾಗ ಅವರು ಬಹಳ ಸಂತೋಷಪಟ್ಟರು. ಬ್ರಾಡ್‌ಫರ್ಡಿನಲ್ಲಿ 1875ರಲ್ಲಿ ಹುಟ್ಟಿದ ಆಲ್ಫ್ರೆಡ್ ಆಂಗಸ್ ಸ್ಕಾಟ್ ಎಂಬ ಎಂಜಿನಿಯರರು ಟು ಸ್ಟ್ರೋಕ್ ಎಂಜಿನ್ನಿನ ಮೋಟಾರ್‌ಸೈಕಲ್‌ಗಳನ್ನು ತಯಾರಿಸುವ ಕಾರ್ಖಾನೆಯನ್ನು ನಡೆಸಿದ್ದು ಇದೇ ಶಿಪ್ಲಿಯಲ್ಲಿ. ಅವರ ಗಾಡಿಗಳು 1912 ಮತ್ತು 1913ರಲ್ಲಿ ಐಲ್ ಆಫ್ ಮ್ಯಾನ್ ದ್ವೀಪದ ಪ್ರಸಿದ್ಧ ಟಿ.ಟಿ. ಪಂದ್ಯದ ಹಿರಿಯ ವಿಭಾಗವನ್ನು ಗೆದ್ದಿದ್ದವು. 1914ರಲ್ಲಿ ಸ್ಕಾಟರು ತಮ್ಮ ಕಾರ್ಖಾನೆಯ ಕೆಲಸಗಾರರಿಗೆ ಒಂದು ಸವಾಲು ಹಾಕಿದರು: ಇಲ್ಲಿಂದ ಹೊರಟು, ಬೆಟ್ಟಗುಡ್ಡಗಳ ಒರಟು ದಾರಿಯಲ್ಲಿ ಬರ್ನ್‌ಸಾಲ್ ಎಂಬ ಹಳ್ಳಿಯವರೆಗೆ ಸವಾರಿ ಮಾಡಬೇಕು. ಅದೇ ಮುಂದೆ ಸ್ಕಾಟ್ ಟ್ರಯಲ್ ಎಂಬ ಹೆಸರಿನಲ್ಲಿ ಈ ದೇಶದ ಅತ್ಯಂತ ಕಠಿಣ ಟ್ರಯಲ್ಸ್ ಸ್ಪರ್ಧೆಗಳಲ್ಲೊಂದಾಗಿ ಬೆಳೆದು, ಸ್ವೇಲ್‌ಡೇಲ್ ಕಣಿವೆಯಲ್ಲಿ ನೆಲೆಗೊಂಡಿತು. ಅದರಲ್ಲಿ ಕಾಲೂರಿದ ಅಂಕಗಳ ಜೊತೆಗೆ ಕಾಲದ ಅಂಕಗಳನ್ನೂ ಲೆಕ್ಕ ಹಾಕುತ್ತಾರೆ. ಕೂಲಿಕಾರರ ಆಟವಾಗಿ ಹುಟ್ಟಿದ್ದರಿಂದಲೋ ಏನೋ, ಈ ನಾಡಿನಲ್ಲಿ ಟ್ರಯಲ್ಸ್ ಎಂಬುದು ಸಿರಿವಂತರ ಆಟವಲ್ಲ. ಕುರಿ ಸಾಕುವವರು, ಕೊಳಾಯಿ ಕೆಲಸದವರು, ಬಡಗಿಗಳು ಭಾನುವಾರ ಬೆಳಿಗ್ಗೆ ಹಳೆಯ ವ್ಯಾನಿನಲ್ಲಿ ಗಾಡಿ ಏರಿಸಿಕೊಂಡು ಬರುತ್ತಾರೆ.

1993ರಲ್ಲಿ ಸಹೋದ್ಯೋಗಿಯೊಬ್ಬರು ನನ್ನನ್ನು ಒಂದು ಸ್ಪರ್ಧೆ ನೋಡಲು ಕರೆದೊಯ್ದರು. ಮರುತಿಂಗಳೇ ನಾನು 1976ರ ಒಂದು ಯಮಹಾ ಟಿವೈ 175 ಗಾಡಿಯನ್ನು ಅಗ್ಗದ ಬೆಲೆಗೆ ಕೊಂಡೆ. ಆ ವೇಳೆಗೆ ಅದು ಹಳೆಯ ಮಾದರಿಯಾಗಿತ್ತು. ಟ್ರಯಲ್ಸ್ ಗಾಡಿಗಳ ಚರಿತ್ರೆಯಲ್ಲಿ ಅದಕ್ಕೊಂದು ಸ್ಥಾನವಿದೆ. ಬಹುಕಾಲ ಈ ಆಟದಲ್ಲಿ ಭಾರವಾದ ಬ್ರಿಟಿಷ್ ಗಾಡಿಗಳದೇ ಆಳ್ವಿಕೆ. ಬೆಲ್‌ಫಾಸ್ಟಿನ ಸ್ಯಾಮಿ ಮಿಲ್ಲರ್ ಏರಿಯಲ್ ಗಾಡಿಯಲ್ಲಿ ಅಜೇಯರೆನಿಸಿದ್ದರು. ಆದರೆ ಅವರೇ ಸ್ಪೇನಿನ ಬುಲ್ಟಾಕೊ ಸಂಸ್ಥೆಗೆ ಹಗುರವಾದ ಟು ಸ್ಟ್ರೋಕ್ ಗಾಡಿಯೊಂದನ್ನು ರೂಪಿಸಿಕೊಟ್ಟು, 1965ರಲ್ಲಿ ಸ್ಕಾಟ್ಲೆಂಡಿನ ಆರು ದಿನಗಳ ಟ್ರಯಲ್ ಸ್ಪರ್ಧೆಯನ್ನು ಅದರಲ್ಲೇ ಗೆದ್ದಾಗ ಒಂದು ಯುಗ ಮುಗಿಯಿತು. ಮುಂದೆ ಮಿಕ್ ಆಂಡ್ರ್ಯೂಸ್ ಎಂಬ ಸವಾರರು ಯಮಹಾ ಸಂಸ್ಥೆಗಾಗಿ ದುಡಿದು, 1974 ಮತ್ತು 1975ರಲ್ಲಿ ಅದೇ ಸ್ಪರ್ಧೆಯನ್ನು ಯಮಹಾ ಗಾಡಿಯಲ್ಲಿ ಗೆದ್ದರು. ಆ ಪರಂಪರೆಯ ಕಿರಿಯ ಕೂಸು ನನ್ನ ಟಿವೈ. 171 ಸಿಸಿಯ ಪುಟ್ಟ ಎಂಜಿನ್, ಆರು ಗೇರು, ಹಿಂದೆ ಎರಡು ಷಾಕ್ ಅಬ್ಸಾರ್ಬರ್‌ಗಳು. ಮುಂದಿನ ಚಕ್ರ 21 ಅಂಗುಲ, ಹಿಂದಿನದು 18. ಹಿಂದಿನ ಟೈರಿನ ಗಾಳಿ ನಾಲ್ಕೈದು ಪೌಂಡು ಮಾತ್ರ. ನಮ್ಮೂರಿನಲ್ಲಿ ಅಷ್ಟು ಗಾಳಿಯಿದ್ದರೆ ಪಂಕ್ಚರ್ ಅಂಗಡಿಗೆ ತಳ್ಳಿಕೊಂಡು ಹೋಗುತ್ತೇವೆ. ಇಲ್ಲಿ ಆ ಮೆತ್ತನೆಯ ಟೈರೇ ಬಂಡೆಯನ್ನು ಅಂಗೈಯಂತೆ ಹಿಡಿದುಕೊಳ್ಳುತ್ತದೆ.

ಏಳು ವರ್ಷ ಆಡಿದೆ. ಬಿದ್ದೆ, ಎದ್ದೆ, ಕೆಸರಾದೆ. ಪರದೇಶದಲ್ಲಿ ನನ್ನನ್ನು ಬಣ್ಣದಿಂದಲ್ಲದೆ ಕಾಲೂರಿದ ಲೆಕ್ಕದಿಂದ ಗುರುತಿಸಿದ ಮೊದಲ ಗುಂಪು ಅದು. ಈ ಮಾತಿನ ತೂಕ ಹೊರನಾಡಿನಲ್ಲಿ ಬದುಕಿದ ಓದುಗರಿಗೆ ಅರ್ಥವಾಗುತ್ತದೆ.

ಇನ್ನು ಆ ದಿನದ ಮಾತು. 2000ದ ಅಕ್ಟೋಬರ್. ಸೆಟಲ್ ಎಂಬ ಊರಿನ ಬಳಿಯ ಬೆಟ್ಟದಲ್ಲಿ ನಮ್ಮ ಸಂಘದ ಸ್ಪರ್ಧೆ. ಬೆಳಗಿನಿಂದ ಜಿಟಿಜಿಟಿ ಮಳೆ. ಎಂದೂ ಇಲ್ಲದಂತೆ ಅಂದು ನನಗೆ ಎಲ್ಲವೂ ಕೂಡಿಬಂದಿತ್ತು. ಕೊನೆಯ ಸುತ್ತಿನ ಕೊನೆಯ ವಿಭಾಗಕ್ಕೆ ಬಂದಾಗ ನನ್ನ ಲೆಕ್ಕ 14. ಆ ವಿಭಾಗ ತೊರೆಯಿಂದ ಮೇಲೆದ್ದು, ಎರಡು ದೊಡ್ಡ ಬಂಡೆಗಳ ನಡುವಿನ ಇಕ್ಕಟ್ಟಿನಲ್ಲಿ ತಿರುಗಿ, ದಡ ಏರುತ್ತಿತ್ತು. ಬಂಡೆಗಳ ನಡುವೆ ಹಿಂದಿನ ಚಕ್ರ ಜಾರಿತು. ನನ್ನ ಎಡಗಾಲು ಕಬ್ಬಿಣದಿಂದ ಜಾರಿ ನೀರಿನೊಳಗಿನ ಕಲ್ಲೊಂದರ ಮೇಲೆ ಊರಿ, ತಳ್ಳಿ, ಮತ್ತೆ ಮೇಲೆ ಬಂತು. ಅರೆಕ್ಷಣದ ಮಾತು. ವೀಕ್ಷಕರು ಬಲಬದಿಯಲ್ಲಿದ್ದರು, ನಡುವೆ ಬಂಡೆಯಿತ್ತು. ನಾನು ದಡ ಏರಿದೆ. ಅವರು ಮುಷ್ಟಿ ಎತ್ತಿ ತೋರಿಸಿದರು: ಸೊನ್ನೆ. ಸುತ್ತ ನಿಂತಿದ್ದ ನಾಲ್ಕಾರು ಮಂದಿ ಚಪ್ಪಾಳೆ ತಟ್ಟಿದರು. ನಾನು ಬಾಯಿ ತೆರೆದೆ. ಆದರೆ ಬಂದದ್ದು ಮಾತಲ್ಲ, ನಗು.

ನನ್ನ ಲೆಕ್ಕ 14 ಆಗಿಯೇ ಉಳಿಯಿತು. ಆ ಬೆಟ್ಟದ ತಪ್ಪಲಿನಲ್ಲೇ ಕುರಿ ಸಾಕಿಕೊಂಡಿದ್ದ ರೈತರೊಬ್ಬರ ಲೆಕ್ಕ 15. ನನ್ನದೂ 15 ಆಗಿದ್ದರೆ, ಹೆಚ್ಚು ಸೊನ್ನೆಗಳನ್ನು ಪಡೆದವರಿಗೆ ಗೆಲುವು ಎಂಬುದು ನಿಯಮ. ಸೊನ್ನೆಗಳು ಅವರಿಗೇ ಹೆಚ್ಚಾಗಿದ್ದವು. ಸಂಜೆ ಅಂಗೈಯಗಲದ ಒಂದು ಬಟ್ಟಲನ್ನು ನನ್ನ ಕೈಗಿತ್ತರು. ಆ ರೈತರು ಬಂದು ನನ್ನ ಕೈ ಕುಲುಕಿ, "ಆ ಕೊನೆಯ ವಿಭಾಗವನ್ನು ಚೆನ್ನಾಗಿ ದಾಟಿದೆ" ಎಂದರು. ಮನೆಗೆ ಬಂದು ಬಟ್ಟಲನ್ನು ಕಪಾಟಿನಲ್ಲಿಟ್ಟೆ. ಒಂದು ವಾರದ ಬಳಿಕ ಅದನ್ನು ಪುಸ್ತಕಗಳ ಹಿಂದೆ ಸರಿಸಿದೆ. ಪತ್ನಿ ಕೇಳಿದಾಗ, ಧೂಳು ಹಿಡಿಯುತ್ತದೆ ಎಂದೆ.

2001ರ ಜನವರಿಯಲ್ಲಿ ಅಭ್ಯಾಸದ ವೇಳೆ ಬಿದ್ದು ನನ್ನ ಮಂಡಿ ತಿರುಚಿತು. ಫೆಬ್ರವರಿಯಲ್ಲಿ ಈ ದೇಶದ ಜಾನುವಾರುಗಳಿಗೆ ಕಾಲುಬಾಯಿ ಜ್ವರ ತಗುಲಿತು. ಸೋಂಕು ಹರಡದಂತೆ ಬೆಟ್ಟಗಳ ಕಾಲುದಾರಿಗಳನ್ನೆಲ್ಲ ಮುಚ್ಚಿದರು. ಸ್ಪರ್ಧೆಗಳು ನಿಂತವು. 2001ರ ಆ ಪಿಡುಗಿನಲ್ಲಿ ಬ್ರಿಟನ್ನಿನಲ್ಲಿ ಅರುವತ್ತು ಲಕ್ಷಕ್ಕೂ ಹೆಚ್ಚು ಪ್ರಾಣಿಗಳನ್ನು ಕೊಲ್ಲಲಾಯಿತು. ರೋಗ ತಗುಲಿದ ಮಂದೆಗಳನ್ನು ಮಾತ್ರವಲ್ಲ, ನೆರೆಯ ಹೊಲಗಳ ಆರೋಗ್ಯವಂತ ಮಂದೆಗಳನ್ನೂ ಮುನ್ನೆಚ್ಚರಿಕೆಗಾಗಿ ಕೊಂದರು. ಸೆಟಲ್ ಸುತ್ತಮುತ್ತ ರೋಗ ಹರಡಿದಾಗ ಆ ರೈತರ ಮಂದೆಯೂ ಹೋಯಿತು. ಅವರು ತಮ್ಮ ಗಾಡಿಯನ್ನು ಮಾರಿ ಆಟ ಬಿಟ್ಟರೆಂಬ ಸುದ್ದಿ ಬಂತು.

ಮರುವರ್ಷ ಬೆಟ್ಟದ ದಾರಿಗಳು ತೆರೆದವು. ನಾನು ಹೋಗಲಿಲ್ಲ. ಕೇಳಿದವರಿಗೆಲ್ಲ ಮಂಡಿಯನ್ನು ತೋರಿಸಿದೆ. ಮಂಡಿ ಆರು ತಿಂಗಳಲ್ಲೇ ವಾಸಿಯಾಗಿತ್ತು. ಊರಿದ್ದು ಕಾಲು, ತೆರೆಯದೆ ಹೋದದ್ದು ಬಾಯಿ. ಆ ವರ್ಷದ ಜ್ವರದ ಹೆಸರೇ ನನ್ನ ರೋಗಕ್ಕೂ ಸರಿಯಾಗಿತ್ತು. ಗಾಡಿಯನ್ನು ಹಿತ್ತಲಿನ ಷೆಡ್ಡಿನಲ್ಲಿ ನಿಲ್ಲಿಸಿ, ಪ್ಲಾಸ್ಟಿಕ್ ಹಾಳೆ ಹೊದಿಸಿದೆ. ಮಾರಲು ಮನಸ್ಸಾಗಲಿಲ್ಲ, ನೋಡಲು ಧೈರ್ಯವಾಗಲಿಲ್ಲ. 2008ರಲ್ಲಿ ತಂದೆಯವರು ತೀರಿಕೊಂಡಾಗ ಮೈಸೂರಿನಿಂದ ಅವರ ಕೆಲವು ಸ್ಪ್ಯಾನರ್‌ಗಳನ್ನೂ ಒಂದು ಫೀಲರ್ ಗೇಜನ್ನೂ ತಂದು ಅದೇ ಷೆಡ್ಡಿನಲ್ಲಿಟ್ಟೆ. ಅವರ ಕಾರ್ಖಾನೆ 1996ರಲ್ಲೇ ಮುಚ್ಚಿಹೋಗಿತ್ತು.

2022ರಲ್ಲಿ ನಾನು ನಿವೃತ್ತನಾದೆ. ಮೂರನೆಯ ವಾರದಲ್ಲೇ ಪತ್ನಿಗೆ ನನ್ನ ಸುಮ್ಮನಿರುವಿಕೆ ಬೇಸರ ತಂದಿತು. ಒಂದು ಬೆಳಿಗ್ಗೆ ಷೆಡ್ಡಿನ ಬಾಗಿಲು ತೆರೆದು ನಿಂತು ಹೇಳಿದಳು: "ಏನ್ರೀ, ಇದನ್ನ ಹೊರಗೆ ಹಾಕ್ತೀರೋ, ಇಲ್ಲ ರಿಪೇರಿ ಮಾಡ್ತೀರೋ? ಎರಡರಲ್ಲಿ ಒಂದು ಮಾಡಿ. ಇಪ್ಪತ್ತೊಂದು ವರ್ಷದಿಂದ ಹೊದಿಕೆ ಹೊದಿಸಿ ಮಲಗಿಸಿದ್ದೀರಿ. ಇದೇನು ರೋಗಿಯೋ, ಹೆಣವೋ ಗೊತ್ತಾಗಬೇಕಲ್ಲ!" ಜೀವನವಿಡೀ ಆಸ್ಪತ್ರೆಯ ವಾರ್ಡುಗಳಲ್ಲಿ ದುಡಿದವಳ ಮಾತು. ಅಂದೇ ಹೊದಿಕೆ ತೆಗೆದೆ.

ಗಾಡಿ ರೋಗಿಯೇ ಆಗಿತ್ತು, ಹೆಣವಾಗಿರಲಿಲ್ಲ. ಹ್ಯಾಂಡಲ್ಲಿನ ಹೊಳಪು ತುಕ್ಕಾಗಿತ್ತು. ಸೀಟಿನೊಳಗೆ ಇಲಿಗಳು ಸಂಸಾರ ಹೂಡಿದ್ದವು. ಟ್ಯಾಂಕಿನ ಪೆಟ್ರೋಲು ಆವಿಯಾಗಿ, ತಳದಲ್ಲಿ ಜೇನುಮೇಣದಂತಹ ಅಂಟು ಉಳಿದಿತ್ತು. ಕಿಕ್ಕರ್ ಒದ್ದರೆ ಅಲುಗಲಿಲ್ಲ. ತೇವಕ್ಕೆ ಪಿಸ್ಟನ್ನು ಸಿಲಿಂಡರಿಗೆ ಅಂಟಿಕೊಂಡಿತ್ತು. ನಾನು ಹಳೆಯ ಪತ್ರಿಕೆ ಹಾಸಿ, ಬಿಚ್ಚಿದ ಪ್ರತಿಯೊಂದು ಸ್ಕ್ರೂವನ್ನೂ ಸಾಲಾಗಿ ಇಡತೊಡಗಿದೆ. ಸ್ಪಾರ್ಕ್ ಪ್ಲಗ್ಗಿನ ರಂಧ್ರದಿಂದ ತೆಳುವಾದ ಎಣ್ಣೆ ಸುರಿದು, ದಿನಕ್ಕೊಮ್ಮೆ ಮೆಲ್ಲನೆ ಅಲುಗಿಸಿ ನೋಡುತ್ತಿದ್ದೆ. ಹನ್ನೊಂದನೆಯ ದಿನ ಪಿಸ್ಟನ್ನು ಕೂದಲೆಳೆಯಷ್ಟು ಸರಿಯಿತು. ಅಂದು ರಾತ್ರಿ ಊಟದ ಹೊತ್ತಿಗೆ ನಾನು ಅಗತ್ಯಕ್ಕಿಂತ ಹೆಚ್ಚು ಮಾತಾಡಿದೆನಂತೆ.

ಸಿಲಿಂಡರಿನ ಒಳಗೋಡೆ ಗೀಚಿಹೋಗಿತ್ತು. ಅದನ್ನು ಅರ್ಧ ಮಿಲಿಮೀಟರ್ ಅಗಲಿಸಿ ಕೊರೆಸಿ, ಅದಕ್ಕೆ ತಕ್ಕ ಹೊಸ ಪಿಸ್ಟನ್ನು ತರಿಸಿದೆ. ಪಿಸ್ಟನ್ನಿಗೂ ಗೋಡೆಗೂ ನಡುವೆ ಇರಬೇಕಾದ ಅಂತರ ಮಿಲಿಮೀಟರಿನ ನೂರರಲ್ಲಿ ನಾಲ್ಕೈದು ಭಾಗ. ಹೆಚ್ಚಾದರೆ ಗಡಗಡ ಸದ್ದು, ಕಡಿಮೆಯಾದರೆ ಬಿಸಿಗೆ ಹಿಗ್ಗಿ ಮತ್ತೆ ಕಚ್ಚಿಕೊಳ್ಳುತ್ತದೆ. ಬೇರಿಂಗ್‌ಗಳನ್ನು ಕೂರಿಸಲು ಎಂಜಿನ್ನಿನ ಅಲ್ಯುಮಿನಿಯಮ್ ಹೊರಕವಚವನ್ನು ಬಿಸಿ ಮಾಡಬೇಕು, ಉಕ್ಕಿನ ಬೇರಿಂಗನ್ನು ತಣ್ಣಗೆ ಮಾಡಬೇಕು; ಒಂದು ಹಿಗ್ಗಿ, ಇನ್ನೊಂದು ಕುಗ್ಗಿದಾಗ ಸುತ್ತಿಗೆಯ ಹೊಡೆತವಿಲ್ಲದೆ ತಾನಾಗಿ ಇಳಿಯುತ್ತದೆ. ಹೀಗಾಗಿ ನಮ್ಮ ಅಡುಗೆಮನೆಯ ಓವನ್ನಿನಲ್ಲಿ ಎಂಜಿನ್ನೂ, ಫ್ರೀಜರಿನಲ್ಲಿ ಬಂಗುಡೆ ಮೀನಿನ ಪಕ್ಕದಲ್ಲಿ ಬೇರಿಂಗೂ ಇದ್ದ ಒಂದು ಶನಿವಾರವನ್ನು ಪತ್ನಿ ಇನ್ನೂ ನೆಂಟರಿಗೆಲ್ಲ ಹೇಳಿ ನಗುತ್ತಾಳೆ.

ಆದರೆ ನನಗೆ ಪಾಠ ಕಲಿಸಿದ್ದು ಪಿಸ್ಟನ್ನಲ್ಲ, ಎರಡು ಪುಟ್ಟ ರಬ್ಬರಿನ ಬಳೆಗಳು. ಟು ಸ್ಟ್ರೋಕ್ ಎಂಜಿನ್ನಿನ ಕ್ರ್ಯಾಂಕಿನ ಎರಡೂ ತುದಿಗಳಲ್ಲಿ ಆಯಿಲ್ ಸೀಲುಗಳಿರುತ್ತವೆ. ಪಿಸ್ಟನ್ನು ಮೇಲೇರುವಾಗ ಕೆಳಗಿನ ಕೋಣೆ ಕಾರ್ಬುರೇಟರಿನಿಂದ ಪೆಟ್ರೋಲು ಗಾಳಿಯ ಮಿಶ್ರಣವನ್ನು ಎಳೆದುಕೊಳ್ಳುತ್ತದೆ. ಇಳಿಯುವಾಗ ಅದನ್ನು ಮೇಲಕ್ಕೆ ತಳ್ಳುತ್ತದೆ. ಆ ಕೋಣೆ ಬಿಗಿಯಾಗಿ ಮುಚ್ಚಿರಬೇಕು. ರಬ್ಬರು ಒಣಗಿ ಗಟ್ಟಿಯಾದರೆ ಸಂದಿಯಿಂದ ಬರೀ ಗಾಳಿ ಒಳಸೇರುತ್ತದೆ. ಪೆಟ್ರೋಲಿನಲ್ಲಿ ಬೆರೆತ ಎಣ್ಣೆಯೇ ಈ ಎಂಜಿನ್ನಿಗೆ ಜೀವ. ಗಾಳಿ ಹೆಚ್ಚಿ ಪೆಟ್ರೋಲು ಕಡಿಮೆಯಾದಂತೆ ಬಿಸಿ ಏರುತ್ತದೆ, ಎಣ್ಣೆ ಸಾಲದಾಗುತ್ತದೆ, ಒಂದು ದಿನ ಓಡುತ್ತಿದ್ದ ಗಾಡಿ ಹಠಾತ್ತನೆ ಕಚ್ಚಿ ನಿಲ್ಲುತ್ತದೆ. ಹೊರಗಿನಿಂದ ನೋಡಿದರೆ ಏನೂ ಕಾಣದು. ಬಣ್ಣ ಬಳಿದಿರಬಹುದು, ಕ್ರೋಮ್ ಹೊಳೆಯುತ್ತಿರಬಹುದು.

ನನ್ನ ಆತುರದಲ್ಲಿ ನಾನು ಹಳೆಯ ಸೀಲುಗಳನ್ನೇ ಒರೆಸಿ ಮತ್ತೆ ಹಾಕಲು ಹೊರಟಿದ್ದೆ. ನೋಡಲು ಚೆನ್ನಾಗಿಯೇ ಇದ್ದವು. ಅವುಗಳನ್ನು ಕೈಯಲ್ಲಿ ಹಿಡಿದುಕೊಂಡಿದ್ದಾಗ ತಂದೆಯವರ ಆ ಭಾನುವಾರಗಳ ಮೌನ ನೆನಪಾಯಿತು. ಸಾಲಿನಲ್ಲಿ ಒಂದು ಸ್ಕ್ರೂ ತಪ್ಪಿದೆ; ಅವರು ಕಾಯುತ್ತಿದ್ದಾರೆ. ಸೀಲನ್ನು ಬೆರಳಿನಿಂದ ಬಾಗಿಸಿದೆ. ಒಣಗಿದ ಎಲೆಯಂತೆ ಮುರಿಯಿತು. ಷೆಡ್ಡಿನ ನೆಲದ ಮೇಲೆ ಬಹಳ ಹೊತ್ತು ಕುಳಿತಿದ್ದೆ. ಕತ್ತಲಾದ ಮೇಲೆ ಒಳಗೆ ಹೋಗಿ, ಪುಸ್ತಕಗಳ ಹಿಂದಿನಿಂದ ಬಟ್ಟಲನ್ನು ತೆಗೆದು ಮೇಜಿನ ಮೇಲಿಟ್ಟು, ಪತ್ನಿಗೆ ಎಲ್ಲವನ್ನೂ ಹೇಳಿದೆ. ಆಕೆ ಕೇಳಿದ್ದು ಒಂದೇ ಪ್ರಶ್ನೆ: "ಹಾಗಾದ್ರೆ ನೀವು ಮಂಡಿ ನೋವು ಅಂದಿದ್ದು?" ನನ್ನ ಬಳಿ ಉತ್ತರವಿರಲಿಲ್ಲ. ಎಷ್ಟು ರಾತ್ರಿಗಳು ಆಕೆ ಆ ಮಂಡಿಗೆ ಎಣ್ಣೆ ತಿಕ್ಕಿದ್ದಳೋ! ಎರಡು ದಿನ ನನ್ನೊಡನೆ ಹೆಚ್ಚು ಮಾತಾಡಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಕಾಫಿ ಲೋಟ ಇಡುತ್ತಾ, "ಆ ಮನುಷ್ಯ ಬದುಕಿದ್ದಾನಾ ವಿಚಾರಿಸಿ" ಎಂದಳು.

ಅವರು ಬದುಕಿದ್ದರು. ವಿಚಾರಿಸಿದಾಗ ತಿಳಿಯಿತು: ಸವಾರಿ ಬಿಟ್ಟಿದ್ದರೂ ಅವರು ಪ್ರತಿವರ್ಷ ಅಕ್ಟೋಬರಿನ ಸ್ಪರ್ಧೆಗೆ ವೀಕ್ಷಕರಾಗಿ ಬರುತ್ತಾರೆ. ಮತ್ತೆ ಸಣ್ಣದಾಗಿ ಕುರಿ ಸಾಕಿಕೊಂಡಿದ್ದಾರೆ. ನಾನು ಗಾಡಿಯನ್ನು ಆ ಸ್ಪರ್ಧೆಯ ಹೊತ್ತಿಗೆ ಸಿದ್ಧಪಡಿಸಲು ನಿಶ್ಚಯಿಸಿದೆ.

2023ರ ಮೇ ತಿಂಗಳ ಒಂದು ಸಂಜೆ, ಏಳನೆಯ ಒದೆತಕ್ಕೆ ಎಂಜಿನ್ ಉಸಿರಾಡಿತು. ಪಾಯಿಂಟಿನ ಅಂತರವನ್ನು ತಂದೆಯವರ ಫೀಲರ್ ಗೇಜಿನಿಂದಲೇ ಹೊಂದಿಸಿದ್ದೆ. ನೀಲಿ ಹೊಗೆ ಷೆಡ್ಡನ್ನು ತುಂಬಿತು. ಮೈಸೂರಿನ ನಮ್ಮ ಹಿತ್ತಲೇ ಅಲ್ಲಿಗೆ ಬಂದಂತಾಯಿತು. ಬಾಗಿಲಿನಲ್ಲಿ ನಿಂತಿದ್ದ ಪತ್ನಿ ಮೂಗಿಗೆ ಸೆರಗು ಹಿಡಿದು, ಆದರೂ ಅಲ್ಲಿಂದ ಕದಲಲಿಲ್ಲ.

ಬೇಸಿಗೆಯಿಡೀ ಅಭ್ಯಾಸ ಮಾಡಿದೆ. ಅರುವತ್ತೆರಡರ ದೇಹಕ್ಕೆ ಮರೆತದ್ದನ್ನು ನೆನಪಿಸುವುದು ಅಂಟಿದ ಪಿಸ್ಟನ್ನನ್ನು ಅಲುಗಿಸಿದ ಹಾಗೆಯೇ. ಕ್ಲಚ್ಚಿನ ಮೇಲೆ ಒಂದೇ ಬೆರಳು, ಮಂಡಿಗಳು ಸಡಿಲ, ದೃಷ್ಟಿ ಚಕ್ರದ ಕೆಳಗಿನ ಕಲ್ಲಿನ ಮೇಲಲ್ಲ, ಮುಂದಿನ ತಿರುವಿನ ಮೇಲೆ. ಚಕ್ರದ ಕೆಳಗಿನ ಕಲ್ಲನ್ನು ನೋಡಿದವನು ಅದರ ಮೇಲೆಯೇ ಬೀಳುತ್ತಾನೆ.

ಅಕ್ಟೋಬರ್ ಬಂತು. ಎರಡು ಷಾಕ್ ಅಬ್ಸಾರ್ಬರ್‌ಗಳುಳ್ಳ ಹಳೆಯ ಗಾಡಿಗಳಿಗಾಗಿಯೇ ಪ್ರತ್ಯೇಕ ವರ್ಗವೊಂದಿತ್ತು. ಬಟ್ಟಲನ್ನು ಕೈವಸ್ತ್ರದಲ್ಲಿ ಸುತ್ತಿ ಜಾಕೆಟ್ಟಿನ ಒಳಜೇಬಿನಲ್ಲಿಟ್ಟುಕೊಂಡಿದ್ದೆ. ಅವರು ಆರನೆಯ ವಿಭಾಗದ ಬಳಿ ಮಡಿಚುವ ಕುರ್ಚಿಯಲ್ಲಿ ಕುಳಿತಿದ್ದರು. ಕೂದಲು ಪೂರ್ತಿ ಬಿಳಿ, ಪಕ್ಕದಲ್ಲಿ ಒಂದು ನಾಯಿ. ಮೊದಲ ಸುತ್ತಿನಲ್ಲಿ ನಾನು ಅಲ್ಲಿಗೆ ಬಂದಾಗ ಬೇರಾರೂ ಇರಲಿಲ್ಲ. ಎಂಜಿನ್ ನಿಲ್ಲಿಸಿ ಅವರ ಮುಂದೆ ನಿಂತೆ. ಹೇಗೆ ಆರಂಭಿಸಬೇಕೆಂದು ತಿಂಗಳುಗಟ್ಟಲೆ ಯೋಚಿಸಿದ್ದ ಮಾತುಗಳಾವುವೂ ಬರಲಿಲ್ಲ. "2000ನೇ ಇಸವಿಯ ಸ್ಪರ್ಧೆಯಲ್ಲಿ, ಕೊನೆಯ ವಿಭಾಗದಲ್ಲಿ ನಾನು ಕಾಲೂರಿದ್ದೆ. ಬಂಡೆಯ ಹಿಂದೆ. ಹೇಳಲಿಲ್ಲ. ಗೆಲುವು ನಿಮ್ಮದು" ಎಂದು ಬಟ್ಟಲನ್ನು ಮುಂದೆ ಹಿಡಿದೆ.

ಅವರು ನನ್ನ ಮುಖವನ್ನು ನೋಡಿದರು. ಬಟ್ಟಲನ್ನು ನೋಡಿದರು. ಕೈ ಚಾಚಲಿಲ್ಲ. ಬೆಟ್ಟದ ಕಡೆ ತಿರುಗಿ ಬಹಳ ಹೊತ್ತು ಸುಮ್ಮನಿದ್ದರು. ಅಷ್ಟರಲ್ಲಿ ಹಿಂದಿನಿಂದ ಬೇರೆ ಗಾಡಿಗಳ ಸದ್ದು ಕೇಳಿಸಿತು. "ನಿನ್ನ ಹಿಂದೆ ಜನ ಕಾಯುತ್ತಿದ್ದಾರೆ. ವಿಭಾಗ ದಾಟುವುದಾದರೆ ದಾಟು" ಎಂದರು. ಅಷ್ಟೇ. ನಾನು ದಾಟಿದೆ. ನಡುಗುವ ಕಾಲುಗಳು ಮೂರು ಬಾರಿ ನೆಲ ಮುಟ್ಟಿದವು. ಅವರು ಮೂರು ಬೆರಳೆತ್ತಿ ತೋರಿಸಿ ಬರೆದುಕೊಂಡರು. ಮುಂದಿನ ಸುತ್ತುಗಳಲ್ಲಿಯೂ ಹಾಗೆಯೇ: ಒಮ್ಮೆ ಐದು, ಒಮ್ಮೆ ಎರಡು, ಕೊನೆಯ ಸುತ್ತಿನಲ್ಲಿ ಒಂದು. ಕನಿಕರವೂ ಇಲ್ಲ, ಕಹಿಯೂ ಇಲ್ಲ. ಕಂಡದ್ದನ್ನು ಕಂಡಂತೆ ಬರೆದರು.

ಅಂದು ನನ್ನ ಲೆಕ್ಕ 71. ನನ್ನ ವರ್ಗದಲ್ಲಿ ನನ್ನ ಹಿಂದೆ ಇದ್ದವರು ಇಬ್ಬರೇ. ಸಂಜೆ ಗುರುತಿನ ಕೋಲುಗಳನ್ನು ಕಿತ್ತು ಹೊತ್ತುಕೊಂಡು ಅವರು ಇಳಿದು ಬಂದಾಗ ನಾನು ವ್ಯಾನಿಗೆ ಹಲಗೆ ಒಡ್ಡಿ ಗಾಡಿ ಏರಿಸಲು ಹೆಣಗುತ್ತಿದ್ದೆ. ಅವರು ಹತ್ತಿರ ಬಂದು ನಿಂತು, "ಆ ಬಟ್ಟಲು ಕೊಡು" ಎಂದರು. ಕೊಟ್ಟೆ. ತೋಳಿನಿಂದ ಅದನ್ನೊಮ್ಮೆ ಒರೆಸಿ, ಕೋಟಿನ ಜೇಬಿಗೆ ಹಾಕಿಕೊಂಡರು.

"ಆ ವರ್ಷ ಇದು ನನಗೆ ಬೇಕಾಗಿತ್ತು" ಎಂದರು.

ನಾನು ತಲೆ ತಗ್ಗಿಸಿದೆ. ಕ್ಷಮಿಸಿದ್ದೇನೆ ಎಂದು ಅವರು ಹೇಳಲಿಲ್ಲ. ಹೇಳಿ ಎಂದು ಕೇಳುವ ಹಕ್ಕು ನನಗಿರಲಿಲ್ಲ. ಅವರು ಕೋಲುಗಳನ್ನು ನೆಲಕ್ಕಿಳಿಸಿ, ಗಾಡಿಯ ಹಿಂದಿನ ಚಕ್ರಕ್ಕೆ ಹೆಗಲು ಕೊಟ್ಟರು. ಇಬ್ಬರೂ ಸೇರಿ ತಳ್ಳಿದೆವು. ಗಾಡಿ ಏರಿತು. ನಾಯಿಯನ್ನು ಕರೆದುಕೊಂಡು ಅವರು ತಮ್ಮ ಮನೆಯ ದಾರಿ ಹಿಡಿದರು.

ಓದುಗರೇ, ಹಳೆಯ ಯಂತ್ರವನ್ನು ಹೊಸದು ಮಾಡಲಾಗದು. ಓಡುವಂತೆ ಮಾಡಬಹುದು, ಅಷ್ಟೇ. ನನ್ನ ಟಿವೈ ಗಾಡಿಯ ಟ್ಯಾಂಕಿನ ಮೇಲೆ ಹಳೆಯ ತಗ್ಗೊಂದಿದೆ, ಅದನ್ನು ಹಾಗೆಯೇ ಬಿಟ್ಟಿದ್ದೇನೆ. ಆ ರೈತರಿಗೆ ಬೇಕಾಗಿದ್ದ ವರ್ಷದಲ್ಲಿ ಸಿಗದ ಬಟ್ಟಲು ಇಪ್ಪತ್ತಮೂರು ವರ್ಷದ ಬಳಿಕ ಸಿಕ್ಕಿತು. ಆ ವರ್ಷವನ್ನು ನಾನು ಅವರಿಗೆ ಹಿಂದಿರುಗಿಸಲಾರೆ. ತಡವಾದ ಪ್ರಾಮಾಣಿಕತೆಗೆ ಇರುವ ಬೆಲೆ ಅದು, ಅದನ್ನು ತೆರಲೇಬೇಕು. ಆದರೆ ತೆತ್ತ ಮೇಲೆ ಬಾಗಿಲು ತೆರೆಯುತ್ತದೆ ಎಂಬುದಕ್ಕೆ ನಾನೇ ಸಾಕ್ಷಿ. ನಿಮ್ಮ ಹಿತ್ತಲಿನಲ್ಲಿಯೂ ಏನಾದರೊಂದು ಹೊದಿಕೆಯ ಅಡಿಯಲ್ಲಿ ಮಲಗಿದ್ದರೆ, ಒಮ್ಮೆ ತೆಗೆದು ನೋಡಿ. ರೋಗಿಯೋ ಹೆಣವೋ ಎಂಬುದಾದರೂ ತಿಳಿಯುತ್ತದೆ.

ಬರುವ ಭಾನುವಾರ ಮತ್ತೆ ಸ್ಪರ್ಧೆಯಿದೆ. ರಾತ್ರಿ ಕ್ಲಚ್ಚಿನ ತಂತಿಗೆ ಎಣ್ಣೆ ಬಿಡಬೇಕು. ಮಂಡಿ ನೋಯುತ್ತಿದೆ, ಈ ಬಾರಿ ನಿಜವಾಗಿಯೂ ನೋಯುತ್ತಿದೆ. ಪತ್ನಿ ಮಾತ್ರ ನಂಬುತ್ತಿಲ್ಲ.